ಜರ್ಮನಿಯ ಗವಿಯೂ ನನ್ನ ಮೊಣಕಾಲೂ

ಮನೆಯ ಮುಂದೆ ಇರುವುದನ್ನೇ ನೋಡಲು ವಿಮಾನ ಹತ್ತಿ ಹೋಗುವ ಜನ ಇರುತ್ತಾರೆಯೇ ಎಂದು ಯಾರಾದರೂ ಕೇಳಿದರೆ ನಾನು ಮೆಲ್ಲಗೆ ಕೈ ಎತ್ತಬೇಕಾಗುತ್ತದೆ. ನಾನು ಶಹಾಬಾದಿನವನು. ಅಪ್ಪ ಕಲ್ಲಿನ ಖಣಿ ನಡೆಸಿದರು, ನಾನು ಆ ಕಲ್ಲನ್ನು ಕೊಯ್ದು ಪಾಲಿಶ್ ಮಾಡಿ ಮಾರುತ್ತೇನೆ. ನಮ್ಮೂರಲ್ಲಿ ಯಾವ ದಿಕ್ಕಿಗೆ ನಡೆದರೂ ಸ್ವಲ್ಪ ಹೊತ್ತಿಗೆ ಒಂದು ದೊಡ್ಡ ತಗ್ಗು ಎದುರಾಗುತ್ತದೆ. ಕಲ್ಲು ತೆಗೆದುಕೊಂಡು ನೆಲವನ್ನು ಹಾಗೇ ಬಿಟ್ಟುಹೋದ ತಗ್ಗು. ಮಳೆಗಾಲದಲ್ಲಿ ಅದರಲ್ಲಿ ನೀರು ನಿಲ್ಲುತ್ತದೆ, ಎಮ್ಮೆಗಳು ಈಜುತ್ತವೆ, ಟಿಕೆಟ್ ಕೇಳುವವರು ಯಾರೂ ಇಲ್ಲ. ಇತ್ತ ವಾಡಿಗೆ ಹೋದರೂ ಅತ್ತ ಸೇಡಂಗೆ ಹೋದರೂ ಇದೇ ನೋಟ. ಇಂಥ ವೈಭವದ ನಡುವೆ ಬೆಳೆದ ನಾನು, ಬದುಕಿನಲ್ಲಿ ಒಂದೇ ಸಲ ವಿದೇಶಕ್ಕೆ ಹೋಗಿ, ರಜೆ ಪೂರ್ತಿ ಏನು ನೋಡಿ ಬಂದೆ ಅಂದರೆ, ತಗ್ಗು ನೋಡಿ ಬಂದೆ.

ಇದಕ್ಕೆ ಕಾರಣ ನನ್ನ ನಾದಿನಿ ಸುಗಲಾ. ನನ್ನ ಹೆಂಡತಿ ಜಗದೇವಿಯ ತಂಗಿ. ಜರ್ಮನಿಯ ಹಾರ್ಜ್ ಎಂಬ ಗುಡ್ಡಗಾಡಿನ ಸಣ್ಣ ಊರೊಂದರ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ಬರ್ರಿ ಬರ್ರಿ ಎಂದು ವರ್ಷಗಟ್ಟಲೆ ಕರೆದಳು, ಕೊನೆಗೆ ಹೋದೆವು. ವಿಮಾನದಲ್ಲಿ ಕೂತು ನಾನು ಕ್ಯಾಲೆಂಡರಿನಲ್ಲಿ ನೋಡಿದ ಚಿತ್ರಗಳನ್ನೆಲ್ಲ ನೆನೆಸಿಕೊಂಡೆ. ಅರಮನೆ, ಸರೋವರ, ಹಿಮದ ಶಿಖರ, ಅದರ ಮುಂದೆ ಕೋಟು ತೊಟ್ಟ ನಾನು. ಸ್ಟೇಷನ್ನಿಗೆ ಬಂದ ಸುಗಲಾ ನನ್ನ ಕೋಟನ್ನು ಮೇಲಿಂದ ಕೆಳಗೆ ನೋಡಿ, ಇದು ಹೊಲಸಾಗ್ತದ ಅಂದಳು. ಆಮೇಲೆ ಬಹಳ ಹೆಮ್ಮೆಯಿಂದ ತನ್ನ ಯೋಜನೆ ಬಿಚ್ಚಿಟ್ಟಳು.

"ಮಾಮಾ, ನೀವು ಕಲ್ಲಿನ ಮನುಷ್ಯಾರು. ಅರಮನಿ ನೋಡಿ ನಿಮಗ ಬ್ಯಾಸರ ಆಗ್ತದಂತ ನನಗ ಗೊತ್ತದ. ಅದಕ್ಕ ಇಲ್ಲಿನ ಗವಿ, ಹಳೇ ಗಣಿ ಎಲ್ಲಾ ಹುಡುಕಿ ಇಟ್ಟೀನಿ."

ಮಿಠಾಯಿ ಅಂಗಡಿಯವನನ್ನು ಊಟಕ್ಕೆ ಕರೆದು ಬರೀ ಜಿಲೇಬಿ ಬಡಿಸಿದರೆ ಅವನಿಗೆ ಹೇಗಾಗಬೇಡ. ಆದರೆ ಪ್ರೀತಿಯಿಂದ ಬಡಿಸಿದ್ದನ್ನು ಬೇಡ ಅನ್ನುವ ಹಾಗಿಲ್ಲ. ನನ್ನ ನಿಜವಾದ ಸಂಕಟ ಬೇರೆಯೇ ಇತ್ತು, ಅದನ್ನು ಹೇಳುವ ಹಾಗಂತೂ ಇರಲೇ ಇಲ್ಲ. ಖಣಿಯಲ್ಲಿ ಎಷ್ಟು ಆಳಕ್ಕೆ ಬೇಕಾದರೂ ಇಳಿಯುತ್ತೇನೆ, ತಲೆಯ ಮೇಲೆ ಆಕಾಶ ಇದ್ದರೆ ಸಾಕು. ತಲೆಯ ಮೇಲೆ ಕಲ್ಲು ಬಂದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಕಲಬುರಗಿಯಲ್ಲಿ ಯಾವುದಾದರೂ ದೊಡ್ಡ ಕಟ್ಟಡಕ್ಕೆ ಹೋದರೆ, ವ್ಯಾಯಾಮ ಎಂದು ಹೇಳಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತೇನೆ. ಮಳಖೇಡದ ಕೋಟೆಗೆ ನೆಂಟರನ್ನು ಕರೆದೊಯ್ದಾಗ ಕತ್ತಲಿನ ಕಡೆಗೆ ಅವರನ್ನು ಕಳಿಸಿ, ಇತಿಹಾಸವನ್ನು ಹೊರಗಿನಿಂದಲೇ ಕೂಗಿ ಹೇಳುತ್ತೇನೆ. ಜರ್ಮನಿಯಲ್ಲಿ ನನ್ನ ಒಂದೇ ಭರವಸೆ ಜಗದೇವಿಯಾಗಿದ್ದಳು. ಬಚ್ಚಲಲ್ಲಿ ಹಲ್ಲಿ ಕಂಡರೆ ಸ್ನಾನವನ್ನೇ ಮುಂದೂಡುವ ಹೆಂಗಸು ಗವಿಯೊಳಗೆ ಹೆಜ್ಜೆ ಇಡುವುದುಂಟೇ ಎಂದು ನಿಶ್ಚಿಂತನಾಗಿದ್ದೆ.

ಇಟ್ಟಳು. ಮೊದಲ ಗವಿ ನಮ್ಮೂರ ಕಲ್ಯಾಣಮಂಟಪದಷ್ಟು ವಿಶಾಲವಾಗಿದ್ದರಿಂದ ನಾನೂ ಹೇಗೋ ಬದುಕಿಕೊಂಡೆ. ಮೇಲಿನಿಂದ ಹನಿ ಹನಿ ನೀರು ಬಿದ್ದು ಕಲ್ಲು ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಬೆಳೆದಿತ್ತು. ಗವಿ ತೋರಿಸುವ ಹುಡುಗಿ ದೇವರ ಕಥೆ ಹೇಳುವಷ್ಟು ಭಕ್ತಿಯಿಂದ ವಿವರಿಸಿದಳು, ಸುಗಲಾ ನಮಗೆ ಕನ್ನಡದಲ್ಲಿ ಹೇಳಿದಳು. ಸಾರಾಂಶ ಇಷ್ಟು: ಇದು ಸುಣ್ಣದ ಕಲ್ಲು. ಸಮುದ್ರ ದಾಟಿ ಬಂದು ನನ್ನ ಅಂಗಳದ ಕಲ್ಲಿನ ಬಂಧುವನ್ನೇ ಭೇಟಿಯಾದ ಆನಂದದಲ್ಲಿ, ಇದು ಪಾಲಿಶಿಗೆ ಬರುತ್ತದೆಯೇ ಎಂದು ನೋಡಲು ಕೈ ಚಾಚಿದೆ. ಮುಟ್ಟಬಾರದಂತೆ. ಬೆರಳಿನ ಜಿಡ್ಡು ತಗುಲಿದರೆ ಕಲ್ಲು ಬೆಳೆಯುವುದನ್ನು ನಿಲ್ಲಿಸುತ್ತದಂತೆ. ನಾವು ಕಲ್ಲನ್ನು ಸುತ್ತಿಗೆಯಿಂದಲೇ ಮಾತಾಡಿಸಿ ರೂಢಿ ಇರುವವರು, ಇಂಥ ನಾಜೂಕಿನ ಕಲ್ಲನ್ನು ಕಂಡು ತಬ್ಬಿಬ್ಬಾದೆ. ಜಗದೇವಿಗೆ ಮಾತ್ರ ನೆಲದಿಂದ ಎದ್ದ ಪ್ರತಿಯೊಂದು ಕಲ್ಲಿನಲ್ಲೂ ಲಿಂಗ ಕಂಡಿತು. ಒಂದೊಂದರ ಮುಂದೂ ನಿಂತು, ಕಣ್ಣು ಮುಚ್ಚಿ, ಕೈ ಮುಗಿದಳು. ಹಿಂದೆ ಸಾಲಾಗಿ ನಿಂತ ಜರ್ಮನಿಯವರು ಶಿಸ್ತಿನ ಜನ, ಕಾದರು. ಅವರಲ್ಲಿ ಒಬ್ಬ ಮುದುಕ, ಇದೂ ಇಲ್ಲಿಯ ನಿಯಮವಿರಬೇಕೆಂದು ತಿಳಿದು ತಾನೂ ಕೈ ಮುಗಿಯತೊಡಗಿದ.

ಅಂದಿನಿಂದ ಜಗದೇವಿಗೆ ಗವಿಯ ಹುಚ್ಚು ಹಿಡಿಯಿತು. ಮರುದಿನ ಇನ್ನೊಂದು ಗವಿ, ಅದರ ಮರುದಿನ ಗಣಿಯ ವಸ್ತುಸಂಗ್ರಹಾಲಯ. ಅಲ್ಲಿ ಮುರಿದ ಸಲಿಕೆಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅದಕ್ಕೊಂದು ದೀಪ ಹಾಕಿದ್ದರು. ಅಂಥದ್ದು ನನ್ನ ಅಂಗಳದ ಮೂಲೆಯಲ್ಲಿ ರಾಶಿ ಬಿದ್ದಿದೆ, ಗುಜರಿಯವನೂ ಮೂಸಿ ನೋಡುವುದಿಲ್ಲ.

ಕೊನೆಗೆ ಬಂತು ಹಳೆಯ ಬೆಳ್ಳಿಯ ಗಣಿ. ಗುಡ್ಡದ ಬುಡದಲ್ಲಿ ಮರದ ತೊಲೆ ಕೊಟ್ಟ ಒಂದು ಬಾಗಿಲು, ಕುರಿ ತಲೆ ಬಗ್ಗಿಸಿ ಹೋಗುವಷ್ಟು. ಆಚೆ ಬರೀ ಕತ್ತಲು. ಅದನ್ನು ನೋಡಿದ ಕ್ಷಣವೇ ನನ್ನ ಬಲ ಮೊಣಕಾಲು ವಿಪರೀತ ನೋಯತೊಡಗಿತು. ಆದರೆ ಜೊತೆಗಿದ್ದವಳು ನರ್ಸ್ ಎಂಬುದನ್ನು ಮರೆತಿದ್ದೆ. ಎಲ್ಲಿ ನೋವು ಎಂದು ಕೇಳಿದಳು, ಒಂದು ಜಾಗ ತೋರಿಸಿದೆ. ಬೇರೊಂದು ಜಾಗ ಒತ್ತಿದಳು, ಅಲ್ಲಿಯೂ ನರಳಿದೆ. ಎಡಗಾಲು ಒತ್ತಿದಳು, ಆ ರಭಸದಲ್ಲಿ ಅದಕ್ಕೂ ನರಳಿಬಿಟ್ಟೆ. ಆಕೆ ನನ್ನ ಮುಖವನ್ನೊಮ್ಮೆ ಅನುಮಾನದಿಂದ ನೋಡಿದಳು. ಇಲ್ಲೇ ಬೆಂಚಿನ ಮೇಲೆ ಕುಂದ್ರಿ, ತಾಸಿನ್ಯಾಗ ಬರ್ತೀವಿ ಅಂದಳು. ಜಗದೇವಿ ಸೆರಗು ಸಿಕ್ಕಿಸಿ, ಹಳದಿ ಹೆಲ್ಮೆಟ್ಟು ಹಾಕಿಕೊಂಡು, ಊಟದ ಚೀಲವನ್ನು ಹೆಗಲಿಗೇರಿಸಿ, ಹಿಂದಿರುಗಿಯೂ ನೋಡದೆ ಒಳಗೆ ಹೋದಳು.

ತಾಸು ಕಳೆಯಿತು. ಅವರ ಜೊತೆ ಹೋದ ಗುಂಪು ಹೊರಗೆ ಬಂತು. ಕೆಂಪು ಜಾಕೀಟಿನವನು ಬಂದ, ಉದ್ದನೆಯ ಹೆಂಗಸು ಬಂದಳು, ಎಲ್ಲರೂ ಹೆಲ್ಮೆಟ್ಟು ಕೊಟ್ಟು ಹೋದರು. ನಮ್ಮವರಿಬ್ಬರು ಬರಲಿಲ್ಲ. ಇನ್ನಷ್ಟು ಹೊತ್ತು ಕಾದೆ. ನನ್ನ ಫೋನು ಅಲ್ಲಿ ಕೆಲಸ ಮಾಡುತ್ತಿರಲಿಲ್ಲ. ಸೀರೆ ಯಾವುದೋ ಚಕ್ರಕ್ಕೆ ಸಿಕ್ಕಿರಬೇಕು, ಕಾಲು ಜಾರಿರಬೇಕು ಎಂದು ಮನಸ್ಸು ಒಂದೊಂದೇ ಕೆಟ್ಟದ್ದನ್ನು ತೋರಿಸತೊಡಗಿತು. ಟಿಕೆಟ್ಟಿನ ಹೆಂಗಸಿನ ಬಳಿ ಹೋಗಿ ಎರಡು ಬೆರಳು ತೋರಿಸಿ, ಸೀರೆಯ ಅಭಿನಯ ಮಾಡಿ, ಸುರಂಗದ ಕಡೆಗೆ ಕೈ ಮಾಡಿದೆ. ಆಕೆ ನಕ್ಕು ನನಗೆ ಎರಡು ಟಿಕೆಟ್ಟು ಕೊಟ್ಟಳು.

ಆ ಹೊತ್ತಿಗೆ ಮುಂದಿನ ಗುಂಪು ಹೊರಟಿತ್ತು. ಯಾರೋ ನನ್ನ ತಲೆಗೆ ಹೆಲ್ಮೆಟ್ಟು ಹಾಕಿದರು, ನಾನು ಒಳಗೆ ಹೋದೆ. ಹೆಂಡತಿಯ ಚಿಂತೆ ಇದ್ದದ್ದು ಖರೆ. ಹೊಟ್ಟೆ ಹಸಿದಿದ್ದು, ರೊಟ್ಟಿ ಆಕೆಯ ಚೀಲದಲ್ಲಿದ್ದದ್ದು ಕೂಡ ಖರೆ. ಯಾವುದರ ಪಾಲು ಎಷ್ಟು ಎಂದು ಕೇಳಬೇಡಿ.

ಒಳಗೆ ಮೊದಲು ಬೆನ್ನು ಬಗ್ಗಿತು, ಆಮೇಲೆ ಮೊಣಕಾಲು ಬಗ್ಗಿದವು. ಹೆಲ್ಮೆಟ್ಟು ಕಲ್ಲಿಗೆ ಬಡಿದಾಗಲೆಲ್ಲ ಗುಡ್ಡವೇ ನನ್ನ ಮೇಲೆ ಕೂರುತ್ತಿದೆ ಅನಿಸುತ್ತಿತ್ತು. ಧೈರ್ಯಕ್ಕೆಂದು "ಜಗದೇವೀ" ಎಂದು ಕೂಗಿದೆ. ಸುರಂಗ ನನಗೇ ತಿರುಗಿ ಕೂಗಿತು. ಗುಂಪಿನ ಮುಂದಾಳು ನಿಂತು ಬಹಳ ಮರ್ಯಾದೆಯಿಂದ ಏನೋ ಹೇಳಿದ, ಸುಮ್ಮನಿರು ಅಂದಿರಬೇಕು. ನಾನು ಇನ್ನೂ ಜೋರಾಗಿ ಕೂಗಿದೆ. ಇನ್ನಷ್ಟು ಇಕ್ಕಟ್ಟಾದ ಒಂದು ಕಡೆ ಕಾಲುಗಳು ಕೆಲಸ ನಿಲ್ಲಿಸಿದವು. ಒದ್ದೆ ನೆಲದಲ್ಲಿ ಕುಸಿದು ಕೂತೆ. ಮುಂದಿನವರು ಮುಂದೆ, ಹಿಂದಿನವರು ಹಿಂದೆ, ನಡುವೆ ಬಿರಡೆಯ ಹಾಗೆ ನಾನು. ಮೈಯೆಲ್ಲ ಬೆವರು, ಉಸಿರು ಅರ್ಧಕ್ಕೇ ತಿರುಗಿ ಹೋಗುತ್ತಿತ್ತು. ಇಲ್ಲಿಯೇ ಮುಗಿಯಿತು ಅಂದುಕೊಂಡೆ, ತಮಾಷೆಗಲ್ಲ.

ಆಗ ಮುಂದಿನಿಂದ ಒಂದು ದೀಪ ಬಂತು. ಅದರ ಹಿಂದೆ ಜಗದೇವಿಯ ದನಿ.

"ಯಾಕ್ರಿ, ಮೊಣಕಾಲು ನೆಟ್ಟಗಾಯ್ತೇನು?"

ನಡೆದದ್ದು ಇಷ್ಟೇ. ಒಳಗೆ ದೊಡ್ಡ ನೀರಿನ ಚಕ್ರವಿರುವ ಕೋಣೆಯೊಂದಿತ್ತು. ಅದನ್ನು ನೋಡಿಕೊಳ್ಳುವ ಮುದುಕ ಹಿಂದೊಮ್ಮೆ ಸುಗಲಾಳ ಆಸ್ಪತ್ರೆಯಲ್ಲಿ ಮಲಗಿದ್ದವನು. ಆಕೆಯನ್ನು ಕಂಡು ಖುಷಿಯಾಗಿ, ಅಕ್ಕತಂಗಿಯರನ್ನು ಕೂರಿಸಿಕೊಂಡು ಚಕ್ರ ತಿರುಗಿಸಿ ತೋರಿಸಿದ್ದ. ಇವರು ಪ್ರತಿಯಾಗಿ ಅವನಿಗೆ ಊಟ ಬಡಿಸಿದ್ದರು. ನಮ್ಮ ಜೋಳದ ರೊಟ್ಟಿ, ಶೇಂಗಾ ಹಿಂಡಿ ಅವನಿಗೆ ಭಾಳ ರುಚಿ ಹತ್ತಿತಂತೆ. ನನ್ನ ಪಾಲಿಗೆ ಏನೂ ಉಳಿದಿರಲಿಲ್ಲ.

ಸುಗಲಾ ನಾಡಿ ಹಿಡಿದು ನೋಡಿದಳು. ಈ ಸಲ ಆಕೆಯ ಮುಖದಲ್ಲಿ ಅನುಮಾನ ಇರಲಿಲ್ಲ. ಹಳಿಯ ಮೇಲೆ ಓಡುವ ಒಂದು ಸಣ್ಣ ಗಾಡಿ ತಂದರು. ಹಿಂದೆ ಅದರಲ್ಲಿ ಬೆಳ್ಳಿಯ ಅದಿರು ಸಾಗಿಸುತ್ತಿದ್ದರಂತೆ, ಅಂದು ನನ್ನನ್ನು ಸಾಗಿಸಿದರು. ಜಗದೇವಿ ಪಕ್ಕದಲ್ಲಿ ಬಗ್ಗಿಕೊಂಡೇ ನಡೆದಳು, ಬಾಗಿಲು ಬರುವತನಕ ನನ್ನ ಕೈ ಬಿಡಲಿಲ್ಲ. ಹೊರಗೆ ಬಿಸಿಲಿಗೆ ಬಂದು ನಾನು ನೀರು ಕುಡಿದ ಮೇಲೆ ಕೇಳಿದಳು.

"ನನ್ನ ಹುಡುಕ್ಕೊಂತ ಬಂದ್ರೇನು?"

ತಲೆಯಾಡಿಸಿದೆ. ಆಕೆಯ ಕಣ್ಣು ತುಂಬಿ ಬಂತು. ಮದುವೆಯಾದಾಗಿನಿಂದ ಆಕೆ ನನ್ನತ್ತ ಹಾಗೆ ನೋಡಿದ್ದಿಲ್ಲ. ಅಂಥ ಹೊತ್ತಿನಲ್ಲಿ ರೊಟ್ಟಿಯ ವಿಷಯ ಎತ್ತುವಷ್ಟು ದಡ್ಡ ನಾನಲ್ಲ.

ಎತ್ತಬೇಕಿತ್ತು. ಊರಿಗೆ ಬಂದ ಮೇಲೆ ಆಕೆ ಇದನ್ನು ಓಣಿಗೆಲ್ಲ ಹೇಳಿದಳು, ಸೇಡಂನ ಬೀಗರಿಗೆ ಹೇಳಿದಳು, ಚಿತ್ತಾಪುರದ ಮದುವೆಯೊಂದರಲ್ಲಿ ಊಟದ ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದಳು. ಹೇಳಿದಷ್ಟೂ ಸುರಂಗ ಉದ್ದವಾಯಿತು, ನಾನು ಧೀರನಾದೆ. ಚಿತ್ತಾಪುರಕ್ಕೆ ಬರುವ ಹೊತ್ತಿಗೆ ಅಡ್ಡ ಬಂದ ಮುಂದಾಳನ್ನು ನಾನೇ ಪಕ್ಕಕ್ಕೆ ತಳ್ಳಿದ್ದೆ. ಗಾಡಿಯಂತೂ ಕಥೆಯಿಂದ ಪೂರ್ತಿ ಮಾಯವಾಗಿತ್ತು. ಕೇಳಿ ಕೇಳಿ ನನಗೂ ಅದು ಹಾಗೇ ನಡೆದಿರಬೇಕು ಅನಿಸತೊಡಗಿತ್ತು. ಅಷ್ಟರಲ್ಲಿ ಓಣಿಯ ಹೆಂಗಸರು ಸೇರಿ, ಚಿಂಚೋಳಿಯ ಗುಡ್ಡದಲ್ಲೂ ಗವಿ ಇದೆಯಂತೆ ಎಂದು ಜೀಪು ಗೊತ್ತು ಮಾಡಿದ್ದಾರೆ. ಒಳಗೆ ಕತ್ತಲಿರುತ್ತದಲ್ಲ ಎಂದು ಯಾರೋ ಅಂಜಿದಾಗ ಜಗದೇವಿ, ಅಂಜಬ್ಯಾಡ್ರಿ, ನಮ್ಮ ಮನಿಯವ್ರು ಮುಂದ ಹೋಗ್ತಾರ ಎಂದು ಮಾತು ಕೊಟ್ಟಿದ್ದಾಳೆ.

ಹೀಗಾಗಿ ಈಗ ದಿನಾ ಮಧ್ಯಾಹ್ನ ಆಕೆ ಮಲಗಿದ ಮೇಲೆ, ಮೆಟ್ಟಿಲ ಕೆಳಗಿನ ಜೋಳದ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂರುವ ಅಭ್ಯಾಸ ಶುರು ಮಾಡಿದ್ದೇನೆ. ಮೊನ್ನೆ ಆಕೆ ಬೇಗ ಎದ್ದು, ಆ ಕೋಣೆಯ ಬಾಗಿಲಿಗೆ ಚಿಲಕ ಹಾಕದೆ ಬಿಟ್ಟದ್ದನ್ನು ಕಂಡು, ನಾನು ಒಳಗಿದ್ದೇನೆಂದು ತಿಳಿಯದೆ ನನ್ನನ್ನೇ ಬೈದುಕೊಳ್ಳುತ್ತ, ಹೊರಗಿನಿಂದ ಚಿಲಕ ಹಾಕಿಕೊಂಡು ಪಕ್ಕದ ಮನೆಗೆ ಹೋದಳು. ನಾನು ಕೂಗಲಿಲ್ಲ. ಕೂಗಿದರೆ ಒಳಗೆ ಯಾಕೆ ಕೂತಿದ್ದೆ ಎಂದು ಹೇಳಬೇಕಾಗುತ್ತಿತ್ತು. ಗೋಡೆಯಾಚೆಯಿಂದ, ನನ್ನ ಗುಂಡಿಗೆ ಎಂಥದ್ದೆಂದು ಆಕೆ ಪಕ್ಕದ ಮನೆಯವರಿಗೆ ವಿವರಿಸುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು.