ಒಂದು ಮೊಳವನ್ನೂ ಬಿಟ್ಟುಕೊಡದ ವೈರ್ ರೀಲ್ ಸಾಹೇಬರಿಗೆ

ಇವರಿಗೆ,
ಶ್ರೀಮಾನ್ ಸ್ಮಾರ್ಟ್ ವೈರ್ ರೀಲ್ ಸಾಹೇಬರು,
ಬಾಗಿಲಿನ ಬಲಗಡೆಯ ಗೋಡೆ, ಧನಶೇಖರ್ ಅವರ ಗ್ಯಾರೇಜ್ (ಹಳೆಯ ಹೆಸರು ಕುರಿ ಶೆಡ್ಡು),
ಕಂಬೈನಲ್ಲೂರು ಪಕ್ಕ, ಧರ್ಮಪುರಿ ಜಿಲ್ಲೆ.

ವಿಷಯ: ತಾವು ನಮ್ಮ ಮನೆಗೆ ದಯಮಾಡಿಸಿದ್ದರಿಂದ ನಮಗಾದ ಮಹದುಪಕಾರಗಳ ಕುರಿತು.

ಮಾನ್ಯರೇ,

ತಮ್ಮ ನೀಲಿ ದೀಪಕ್ಕೂ, ತಾನಾಗಿಯೇ ಸುತ್ತಿಕೊಳ್ಳುವ ತಮ್ಮ ಹೊಟ್ಟೆಗೂ, ಆ ಹೊಟ್ಟೆಯೊಳಗೆ ಸುಖವಾಗಿ ಮಲಗಿರುವ ಕಿತ್ತಳೆ ಬಣ್ಣದ ವೈರಿಗೂ ನನ್ನ ಅನಂತ ನಮಸ್ಕಾರಗಳು. ನಾನು ಚಂದ್ರಿಕಾ. ತಮ್ಮೆದುರು ದಿನವೂ ಕುರಿಗಳಿಗೆ ಜೋಳದ ದಂಟು ಕತ್ತರಿಸುವ ಹೆಂಗಸು ನಾನೇ. ತಮಗೆ ಹಲವು ಭಾಷೆಗಳು ಬರುತ್ತವೆಂದು ಡಬ್ಬಿಯ ಮೇಲೆ ಅಚ್ಚಾಗಿದೆ, ಆ ಪಟ್ಟಿಯಲ್ಲಿ ಕನ್ನಡ ಕಾಣಲಿಲ್ಲ. ಆದರೆ ಹೊಸೂರು ಕಡೆಯ ಕನ್ನಡ ಶಾಲೆಯಲ್ಲಿ ಓದಿ ಈ ಊರಿಗೆ ಸೊಸೆಯಾಗಿ ಬಂದ ನನಗೆ ಸಿಟ್ಟು ಬಂದಾಗ ಬೇರೆ ಭಾಷೆಯಲ್ಲಿ ಬರೆಯಲು ಬಾರದು, ಅದಕ್ಕಾಗಿ ಕ್ಷಮೆಯಿರಲಿ.

ತಮ್ಮಂಥವರು ನಮ್ಮಂಥವರ ಮನೆಗೆ ಯಾಕೆ ಬಂದಿರಿ ಎಂಬುದನ್ನು ತಮಗೆ ಯಾರೂ ಹೇಳಿರಲಿಕ್ಕಿಲ್ಲವಾದ್ದರಿಂದ ನಾನೇ ಅರಿಕೆ ಮಾಡಿಕೊಳ್ಳುತ್ತೇನೆ. ದಂಟು ಕತ್ತರಿಸುವ ಚಕ್ರವನ್ನು ಕೈಯಲ್ಲೇ ತಿರುಗಿಸಿ ತಿರುಗಿಸಿ ನನ್ನ ಬಲ ಭುಜ ಹಿಡಿದುಕೊಂಡಿತು. ಜಡೆ ಹಾಕಿಕೊಳ್ಳಲು ಕೈ ಮೇಲೇಳದ ಸ್ಥಿತಿ ಬಂದಾಗ ಧರ್ಮಪುರಿಯ ಡಾಕ್ಟರಮ್ಮ ಇನ್ನು ಆ ಚಕ್ರ ಮುಟ್ಟಿದರೆ ಭುಜ ಪೂರ್ತಿ ಹೋಗುತ್ತದೆ ಎಂದು ಬೈದು ಕಳಿಸಿದರು. ಆಗ ನಮ್ಮ ಮನೆಯವರು, ಅಂದರೆ ಶ್ರೀ ಧನಶೇಖರ್ ಅವರು, ಚಕ್ರಕ್ಕೆ ಒಂದು ಮೋಟಾರ್ ಕೂರಿಸಿದರು. ಒಳ್ಳೆಯ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಮೋಟಾರ್ ಶೆಡ್ಡಿನಲ್ಲಿತ್ತು, ಕರೆಂಟು ಮನೆಯಲ್ಲಿತ್ತು. ನಡುವೆ ಟೇಪು ಸುತ್ತಿದ ಒಂದು ಹಳೆಯ ವೈರು ಅಂಗಳದಲ್ಲಿ ಹಾವಿನಂತೆ ಬಿದ್ದುಕೊಂಡು, ಮಳೆ ಬಂದ ದಿನ ತುಳಿದವರಿಗೆಲ್ಲ ಜುಮ್ಮೆನ್ನಿಸುತ್ತಿತ್ತು.

ನಮ್ಮೂರಿನ ವೈರ್‌ಮನ್ ಮಣಿ ಬಂದು ನೋಡಿ, ಕಂಬದಿಂದ ಇಳಿದ ಲೈನು ಶೆಡ್ಡಿನ ಹಿಂಗೋಡೆಯ ಪಕ್ಕದಲ್ಲೇ ಹೋಗುತ್ತಿರುವುದರಿಂದ ಗೋಡೆಯಲ್ಲಿ ಒಂದು ತೂತು ಕೊರೆದು ಒಂದು ಪ್ಲಗ್ ಪಾಯಿಂಟ್ ಕೂರಿಸಿದರೆ ಮುಗಿಯಿತು ಎಂದ. ಇಷ್ಟು ಸುಲಭವಾದ ಕೆಲಸವನ್ನು ಮಾಡಿಸುವುದು ನಮ್ಮ ಮನೆಯವರ ಘನತೆಗೆ ಒಪ್ಪಲಿಲ್ಲ. ಆ ಹೊತ್ತಿಗೆ ಅವರು ಫೋನಿನಲ್ಲಿ ಯಾವುದೋ ದೂರ ದೇಶದ ಗ್ಯಾರೇಜುಗಳನ್ನು ನೋಡಲು ಹಿಡಿದಿದ್ದರು. ಅಲ್ಲಿ ನೆಲ ಕನ್ನಡಿಯಂತೆ ಹೊಳೆಯುತ್ತದೆ, ಸ್ಪ್ಯಾನರುಗಳು ಗೋಡೆಯ ಮೇಲೆ ಸಾಲಾಗಿ ನಿಂತಿರುತ್ತವೆ, ಬಿಳಿ ಬನಿಯನ್ ತೊಟ್ಟವನೊಬ್ಬ ವೈರನ್ನು ಎಳೆದು ಬಿಟ್ಟರೆ ಅದು ಸುರ್ರನೆ ತಾನೇ ಒಳಗೆ ಹೋಗುತ್ತದೆ. ಆ ಸುರ್ರೆನ್ನುವ ಸದ್ದಿಗೆ ನಮ್ಮ ಮನೆಯವರು ಮರುಳಾದರು. ತಮ್ಮ ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ನಮ್ಮತ್ತೆ ಪಾಪಮ್ಮನವರಿಗೆ ಅದನ್ನು ಇಂದಿಗೂ ಹೇಳಿಲ್ಲ, ಅವರ ಆರೋಗ್ಯದ ದೃಷ್ಟಿಯಿಂದ.

ತಾವು ಬಂದ ದಿನ ನಮ್ಮ ಮನೆಗೆ ಹೊಸ ಅಳಿಯ ಬಂದಷ್ಟು ಸಂಭ್ರಮವಿತ್ತು. ತಮ್ಮನ್ನು ಮೊಳೆಗೆ ಏರಿಸಿದ ಕ್ಷಣದಿಂದ ಶೆಡ್ಡು ಗ್ಯಾರೇಜ್ ಆಯಿತು. ಹಾಗೆ ಕರೆಯಬೇಕೆಂದು ಮನೆಯವರು ಎಲ್ಲರಿಗೂ ತಾಕೀತು ಮಾಡಿದರು. ಕುರಿಗಳಿಗೆ ಮಾತ್ರ ತಿಳಿಸಲಾಗಲಿಲ್ಲ, ಅವು ಅದನ್ನು ಎಂದಿನಂತೆಯೇ ಬಳಸುತ್ತ ಬಂದವು.

ಹೊಸ ವ್ಯಾನು ಬಂದರೆ ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ತಮಗೆ ಚಕ್ರವಿಲ್ಲದ್ದರಿಂದ ಅತ್ತೆಯವರಿಗೆ ಯಾವ ಪೂಜೆ ಮಾಡಬೇಕೆಂದು ತೋಚದೆ, ಬಂದದ್ದು ಕುರಿಗಳ ಕೆಲಸಕ್ಕಾದ್ದರಿಂದ ಕುರಿಗೆ ಮಾಡುವುದನ್ನೇ ತಮಗೂ ಮಾಡಿದರು. ನಮ್ಮಲ್ಲಿ ಬಲಿಗೆ ಮುನ್ನ ಮುನಿಯಪ್ಪನ ಗುಡಿಯ ಮುಂದೆ ಕುರಿಯ ತಲೆಗೆ ಅರಿಶಿನದ ನೀರು ಚಿಮುಕಿಸಿ ಕಾಯುತ್ತಾರೆ. ಅದು ಮೈ ಕೊಡವಿದರೆ ದೇವರು ಅಪ್ಪಣೆ ಕೊಟ್ಟ ಹಾಗೆ. ಅತ್ತೆಯವರು ತಂಬಿಗೆಯಲ್ಲಿ ಅರಿಶಿನದ ನೀರು ತಂದು ತಮ್ಮ ನೆತ್ತಿಗೆ ಧಾರಾಳವಾಗಿ ಚಿಮುಕಿಸಿದರು. ತಾವು ಒಮ್ಮೆ ಗಡಗಡನೆ ನಡುಗಿ, ಕೀಚೆಂದು ಕೂಗಿ, ನೀಲಿ ದೀಪ ಆರಿಸಿ ಕೆಂಪು ದೀಪ ಹೊತ್ತಿಸಿದಿರಿ. ಮೈ ಕೊಡವುವುದರ ಜೊತೆಗೆ ದೀಪವನ್ನೂ ಹಚ್ಚಿದ ಪ್ರಾಣಿಯನ್ನು ನಮ್ಮತ್ತೆ ಜನ್ಮದಲ್ಲಿ ಕಂಡಿರಲಿಲ್ಲ. "ಅಪ್ಪಣೆ ಆಗೋಯ್ತು ಕಣ್ರೋ, ಇನ್ನೇನು ಯೋಚ್ನೆ ಐತೆ," ಎಂದು ಕೈಮುಗಿದರು. ನಾವೂ ಮುಗಿದೆವು.

ತಾವು ಕೊಟ್ಟದ್ದು ಅಪ್ಪಣೆಯಲ್ಲ, ನೀರು ತಾಕಿದ ಕಾರಣ ಬಾಗಿಲು ಹಾಕಿಕೊಂಡದ್ದು ಎಂಬ ಜ್ಞಾನ ನಮಗಾದದ್ದು ಆಮೇಲೆ, ತಮ್ಮ ಕಂಪನಿಯ ಹರಿಹರನ್ ಎಂಬ ಸೌಮ್ಯ ದನಿಯವರು ಫೋನಿನಲ್ಲಿ ವಿವರಿಸಿದಾಗ. ತಮ್ಮನ್ನು ಅಕ್ಕಿ ಡ್ರಮ್ಮಿನಲ್ಲಿಟ್ಟು ಒಣಗಿಸಲು ಅವರು ಹೇಳಿದರು. ಹೀಗೆ ತಾವು ನಮ್ಮ ಅಕ್ಕಿಯ ಮೇಲೆ ಮಲಗಿ ವಿಶ್ರಾಂತಿ ಪಡೆಯುತ್ತಿದ್ದ ಅಷ್ಟೂ ದಿನ ನಾನು ಎಡಗೈಯಲ್ಲಿ ಚಕ್ರ ತಿರುಗಿಸಿದೆ.

ಒಣಗಿ ಹೊರಬಂದ ಮೇಲೆ ತಮ್ಮ ನಿಜವಾದ ಪ್ರತಿಭೆ ಪ್ರಕಟವಾಯಿತು. ತಮ್ಮ ವೈರು ಹೊರಬಂದು ಅಂಗಳದಾಚೆ ಮನೆಯ ಪ್ಲಗ್ ಪಾಯಿಂಟಿಗೆ ಸೇರಬೇಕಾದರೆ ಕೈಯಲ್ಲಿ ಎಳೆಯುವುದು ಅವಮಾನ, ಫೋನಿನಲ್ಲಿ ಒತ್ತಿ ಬೇಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ತಾರಸಿಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಮನೆಯವರು ಏಣಿ ಹತ್ತಿ ಒತ್ತುವರು, ತಾವು ಬಾಯಿ ತೆರೆಯುವಿರಿ, ಅವರು ಇಳಿದು ಬರುವಷ್ಟರಲ್ಲಿ ಯಾರಿಗೂ ತಮ್ಮ ಅಗತ್ಯವಿಲ್ಲವೆಂದು ತೀರ್ಮಾನಿಸಿ ಮುಚ್ಚಿಕೊಳ್ಳುವಿರಿ. ಸರಿ, ಅವರು ಮೇಲೆ ಒತ್ತುವುದು, ನಾನು ಕೆಳಗೆ ಕಾದು ಎಳೆಯುವುದು ಎಂದಾಯಿತು. ಡಾಕ್ಟರಮ್ಮ ಬೇಡವೆಂದಿದ್ದ ಎಳೆತವನ್ನೆಲ್ಲ ತಾವು ಇನ್ನೊಂದು ದಾರಿಯಿಂದ ನನ್ನ ಭುಜಕ್ಕೇ ಒದಗಿಸಿದಿರಿ. ಒಂದು ದಿನ ಕೆಲಸದ ನಡುವೆ ತಮಗೇ ಏನೋ ಹೊಳೆದು ಸುರ್ರೆಂದು ಒಳಗೆ ಹೊರಟಾಗ ಒಂದು ಕುರಿಮರಿಯ ಕಾಲು ವೈರಿಗೆ ಸಿಕ್ಕಿ, ಮರಿಯೂ ಅರಚುತ್ತ ತಮ್ಮ ಕಡೆ ಬಂತು. ಗೋಡೆಯ ಹತ್ತಿರ ಬಂದ ಮೇಲೆ ತಾವು ನಿಂತಿರಿ. ಮರಿಯನ್ನು ಒಳಗೆ ಸುತ್ತಿಕೊಳ್ಳದೆ ಬಿಟ್ಟ ತಮ್ಮ ಸುರಕ್ಷತಾ ವ್ಯವಸ್ಥೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ.

ಆಮೇಲೆ ಧೂಳಿನ ಪ್ರಕರಣ. ದಂಟು ಕತ್ತರಿಸಿದರೆ ಹೊಟ್ಟು ಹಾರುತ್ತದೆ, ಕುರಿ ಮೈ ಉಜ್ಜಿದರೆ ಕೂದಲು ಉದುರುತ್ತದೆ. ಇವೆರಡೂ ತಮ್ಮ ಮೂಗಿಗೆ ಸೇರದೆ ತಾವು ಮತ್ತೆ ಕೆಂಪು ದೀಪ ಹೊತ್ತಿಸಿ ಕುಳಿತಿರಿ. ಹರಿಹರನ್ ಅವರು ಫೋಟೋ ತರಿಸಿಕೊಂಡು ನೋಡಿ, ಇಂಥ ಜಾಗದಲ್ಲಿದ್ದರೆ ವಾರಂಟಿ ನಡೆಯುವುದಿಲ್ಲವೆಂದೂ, ಮೇವನ್ನೂ ಪ್ರಾಣಿಗಳನ್ನೂ ಅಲ್ಲಿಂದ ತೆಗೆಯಬೇಕೆಂದೂ ಬಹಳ ಮರ್ಯಾದೆಯಿಂದ ತಿಳಿಸಿದರು.

ಇದಕ್ಕೆ ನಾನು ಕೆಲವು ಪರಿಹಾರಗಳನ್ನು ಯೋಚಿಸಿದ್ದೆ. ತಾವು ದಯಮಾಡಿ ಕಂಪನಿಯವರಿಗೆ ಶಿಫಾರಸು ಮಾಡಿ ಹೊಟ್ಟು ಹಾರದ ಜೋಳವನ್ನೂ, ಕೂದಲು ಉದುರದ ಕುರಿಯನ್ನೂ, ಆಷಾಢದಲ್ಲಿ, ಅಂದರೆ ಇಲ್ಲಿಯವರ ಆಡಿ ತಿಂಗಳಲ್ಲಿ, ಬೀಸದ ಗಾಳಿಯನ್ನೂ ಕಳಿಸಿಕೊಡಬೇಕು. ಅದು ಆಗದಿದ್ದರೆ ನಮ್ಮ ಕುರಿಗಳು ತಮ್ಮ ಮುಂದೆ ಹಾಯುವಾಗ ಕಾಲು ತೊಳೆದು, ಉಸಿರು ಬಿಗಿಹಿಡಿದು, ಫೋನಿನಲ್ಲಿ ಅನುಮತಿ ಪಡೆದು ಹಾಯುವಂತೆ ತರಬೇತಿ ಕೊಡಲು ಒಬ್ಬ ಎಂಜಿನಿಯರನ್ನು ಕಳಿಸಬೇಕು. ಅವರ ಊಟ ತಿಂಡಿಯ ಜವಾಬ್ದಾರಿ ನಮ್ಮದು. ರಾಗಿ ಮುದ್ದೆ ನುಂಗಲು ಬರುವವರಾದರೆ ಇನ್ನೂ ಒಳ್ಳೆಯದು.

ನಮ್ಮ ಮನೆಯವರು ಯೋಚಿಸಿದ ಪರಿಹಾರ ಬೇರೆ. ಕುರಿಗಳನ್ನೇ ಮಾರಿಬಿಡುವುದು. ಊಟಕ್ಕೆ ಕೂತಿದ್ದಾಗ, ಸಾರು ಹಾಕಿಸಿಕೊಳ್ಳುತ್ತ ಹೇಳಿದರು: "ಎರಡೂ ಒಂದೇ ತಾವ ಇರಕ್ಕಾಗಲ್ಲ ಚಂದ್ರಿಕಾ. ಯಾವ್ದಾರ ಒಂದು ಓಗ್ಲೇಬೇಕು." ನಿನ್ನ ಭುಜಕ್ಕೂ ಒಳ್ಳೆಯದೇ ಎಂದು ಸೇರಿಸಿದರು. ದಲ್ಲಾಳಿ ಪಳನಿಸ್ವಾಮಿಯವರಿಗೆ ಆಗಲೇ ಫೋನ್ ಮಾಡಿಯಾಗಿತ್ತು.

ಸಾಹೇಬರೇ, ಇಲ್ಲಿ ಸ್ವಲ್ಪ ಹೊತ್ತು ಮರ್ಯಾದೆಯ ಮಾತನ್ನು ಪಕ್ಕಕ್ಕಿಡುತ್ತೇನೆ. ಈ ಕುರಿಗಳು ನನ್ನವು. ಮದುವೆಯಾದ ವರ್ಷ ನಮ್ಮಪ್ಪ ಗೋವಿಂದಪ್ಪ ಮೇಚೇರಿ ತಳಿಯ ಒಂದು ಹೆಣ್ಣು ಕುರಿಯನ್ನು ಬಸ್ಸಿನಲ್ಲಿ ಕಂಡಕ್ಟರನ ಕೈಯಲ್ಲಿ ಬೈಸಿಕೊಂಡು ತಂದು ಬಿಟ್ಟುಹೋಗಿದ್ದರು. ಇವತ್ತು ಶೆಡ್ಡಿನಲ್ಲಿರುವುದೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ಈ ಮನೆಯಲ್ಲಿ ಯಾರನ್ನೂ ಕೇಳದೆ ನಾನು ಇದು ನನ್ನದು ಎಂದು ಹೇಳಬಹುದಾದದ್ದು ಬೇರೇನೂ ಇಲ್ಲ. ಅವುಗಳನ್ನು ಉಳಿಸಿಕೊಳ್ಳಲೆಂದೇ ಭುಜ ಸವೆಸಿದೆ, ಅದಕ್ಕಾಗಿಯೇ ಪ್ಲಗ್ ಪಾಯಿಂಟ್ ಕೇಳಿದೆ. ಕುರಿಗಳಿಗೆ ಮೇವು ಕತ್ತರಿಸಲು ತಮ್ಮನ್ನು ತಂದರು. ಈಗ ತಮಗೆ ಜಾಗ ಮಾಡಲು ಕುರಿಗಳನ್ನು ಕಳಿಸುವರಂತೆ. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ, ಅತ್ತೆಯವರೂ ಅರ್ಧಕ್ಕೆ ಎದ್ದರು.

ನಿನ್ನೆ ಬೆಳಿಗ್ಗೆ ಪಳನಿಸ್ವಾಮಿಯಣ್ಣ ಹೆಗಲ ಮೇಲೆ ಟವಲು ಹಾಕಿಕೊಂಡು ಬಂದರು. ನಮ್ಮ ಕಡೆಯ ಸಂತೆಗಳಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಟವಲು ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಒತ್ತಿ ವ್ಯಾಪಾರ ಮುಗಿಸುತ್ತಾರೆ. ನೋಡುವವರಿಗೆ ಟವಲು ಅಲುಗುವುದಷ್ಟೇ ಕಾಣುತ್ತದೆ. ಅವರು ನನ್ನ ದೊಡ್ಡ ಕುರಿಯ ಬೆನ್ನು ಹಿಸುಕಿ, ಬಾಯಿ ಬಿಡಿಸಿ ಹಲ್ಲು ನೋಡಿದರು. ಅವರು ಟವಲು ತೆಗೆದು ಮನೆಯವರ ಕಡೆ ತಿರುಗುವಷ್ಟರಲ್ಲಿ ನಾನು ಗೋಡೆಯಿಂದ ತಮ್ಮನ್ನು ಇಳಿಸಿ ಅವರ ಮುಂದಿಟ್ಟು ಹೇಳಿದೆ: "ಕುರಿ ಕೊಡಾಕಿಲ್ಲಣ್ಣಾ. ಇವ್ರೇ ಹೇಳವ್ರೆ, ಎರಡ್ರಾಗೆ ಒಂದು ಓಗ್ಬೇಕಂತ. ಇದು ಓಗ್ಲಿ."

ಪಳನಿಸ್ವಾಮಿಯಣ್ಣ ಅಭ್ಯಾಸ ಬಲದಿಂದ ತಮ್ಮನ್ನು ಎತ್ತಿ ತೂಕ ನೋಡಿ, ಬೆನ್ನು ತಟ್ಟಿ, ತಮ್ಮ ಪ್ಲಗ್ಗಿನ ಮೂರು ಪಿನ್ನುಗಳನ್ನು ಹಲ್ಲು ನೋಡುವಂತೆಯೇ ನೋಡಿದರು. ಅವರ ಅಳಿಯ ಗೋವಿಂದರಾಜ್ ತಾರಮಂಗಲದಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾನಂತೆ. ಅಲ್ಲಿ ಟೈಲ್ಸ್ ನೆಲವಿದೆ, ಫೋನಿಗೆ ಸಿಗ್ನಲ್ ಇದೆ, ಕುರಿಗಳಿಲ್ಲ. ನಾನು ಸೆರಗು ಸರಿಮಾಡಿಕೊಂಡು ಟವಲಿನ ಕೆಳಗೆ ಕೈಯಿಟ್ಟೆ. ಹೆಂಗಸರು ಅಲ್ಲಿ ಕೈಯಿಡುವ ರೂಢಿಯಿಲ್ಲ, ಆದರೆ ಇಡಬಾರದೆಂದು ಟವಲಿನ ಮೇಲೆ ಬರೆದಿರಲಿಲ್ಲ. ಅವರು ಬೆರಳು ಒತ್ತಿದರು, ನಾನು ತಲೆಯಾಡಿಸಿದೆ. ಮತ್ತೆ ಒತ್ತಿದರು, ಆಗ ಒಪ್ಪಿ ಕೈ ಬಿಟ್ಟೆ. ಎಷ್ಟಕ್ಕೆಂದು ಮನೆಯವರು ನಿನ್ನೆಯಿಂದ ಕೇಳುತ್ತಿದ್ದಾರೆ. ಟವಲಿನ ವ್ಯಾಪಾರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲವೆಂದು ಅವರಿಗೆ ನೆನಪಿಸಿದ್ದೇನೆ.

ಮನೆಮನೆಗೂ ತಮ್ಮಂಥ ದುಬಾರಿ ರೀಲ್ ಬೇಕೇ ಎಂದು ಯಾರಾದರೂ ನನ್ನನ್ನು ಕೇಳಿದರೆ ನ್ಯಾಯವಾಗಿಯೇ ಹೇಳುತ್ತೇನೆ. ದಿನವಿಡೀ ವೈರು ಎಳೆದು ಸುತ್ತುವ ಕೆಲಸವಿರುವವರಿಗೆ, ಗುಡಿಸಿ ಒರೆಸಿದ ಅಂಗಡಿಯಿರುವವರಿಗೆ ಕೊಟ್ಟ ದುಡ್ಡಿಗೆ ತಾವು ಮೋಸವಿಲ್ಲದವರು. ಒಂದೇ ಮೋಟಾರನ್ನು ಒಂದೇ ಜಾಗದಲ್ಲಿ ಓಡಿಸುವ ಮನೆಗೆ ಬೇಕಾದದ್ದು ಗೋಡೆಯಲ್ಲಿ ಒಂದು ತೂತು. ಇದನ್ನು ಬರೆಯುತ್ತಿರುವಾಗ ಮಣಿ ಅದನ್ನು ಕೊರೆಯುತ್ತಿದ್ದಾನೆ, ಕೊರೆಯುವ ಯಂತ್ರಕ್ಕೆ ಕರೆಂಟು ಬೇಕೆಂದು ಹಳೆಯ ಟೇಪು ಸುತ್ತಿದ ವೈರನ್ನೇ ಎಳೆದುಕೊಂಡಿದ್ದಾನೆ. ಮನೆಯವರು ಏಣಿ ಹಿಡಿದು ನಿಂತಿದ್ದಾರೆ, ಮುಖ ಊದಿಸಿಕೊಂಡು. ಗೋವಿಂದರಾಜ್ ಬೈಕಿನಲ್ಲಿ ಬಂದು ಹೊರಗೆ ಹಾರ್ನ್ ಹಾಕುತ್ತಿದ್ದಾನೆ. ತಾವು ಹೊರಡುವ ಹೊತ್ತಾಯಿತು. ಹೊಸ ಜಾಗದಲ್ಲಿ ತಮ್ಮ ತಲೆಗೆ ಯಾರೂ ನೀರು ಚಿಮುಕಿಸದಿರಲಿ.

ಇಂತಿ,
ಎರಡೂ ಕೈಯೆತ್ತಿ ಮುಗಿಯಲು ಭುಜ ಬಿಡದ ಕಾರಣ ಎಡಗೈಯೊಂದರಲ್ಲೇ ನಮಸ್ಕರಿಸುವ
ತಮ್ಮ ವಿಶ್ವಾಸಿ,
ಚಂದ್ರಿಕಾ

ತಾ.ಕ.: ನಮ್ಮ ಮನೆಯವರು ಬೆಳಗಿನ ಕಾಫಿಯ ಹೊತ್ತಿಗೇ ತಾರಸಿ ಹತ್ತಿ ಫೋನಿನಲ್ಲಿ ಕುರಿಗಳಿಗೆ ತಾನೇ ಮೇವು ಹಾಕುವ ಯಾವುದೋ ಯಂತ್ರವನ್ನು ನೋಡುತ್ತಿದ್ದರು. ಅದು ತಮ್ಮ ನೆಂಟರಾಗಿದ್ದರೆ ದಯವಿಟ್ಟು ಒಂದು ಮಾತು ಮುಟ್ಟಿಸಿ. ಪಳನಿಸ್ವಾಮಿಯಣ್ಣ ಟವಲನ್ನು ನಮ್ಮಲ್ಲೇ ಮರೆತು ಹೋಗಿದ್ದಾರೆ. ಅದನ್ನು ಒಗೆದು, ಒಣಗಿಸಿ, ಮನೆಯವರ ಕಣ್ಣಿಗೆ ಬೀಳುವ ಹಾಗೆ ಶೆಡ್ಡಿನ ಬಾಗಿಲಿಗೆ ತೂಗು ಹಾಕಿದ್ದೇನೆ.