ಹಿತ್ತಲಿನ ಬಸವನಹುಳುವಿಗೆ, ಅಣಬೆಯ ವಿಷಯವಾಗಿ

ಮಾನ್ಯ ಬಸವನಹುಳುಗಳವರ ಸನ್ನಿಧಿಗೆ,

ಎಲೆ ಉದುರುವ ಈ ಕಾಲದಲ್ಲಿ ತಾವೂ ತಮ್ಮ ಚಿಪ್ಪೂ ಕ್ಷೇಮವಾಗಿರುವಿರೆಂದು ಎಲೆಕೋಸಿನ ತೂತುಗಳಿಂದ ತಿಳಿದು ಸಂತೋಷವಾಯಿತು. ಕುಂಬಳಕಾಯಿಗಳನ್ನು ಒಳಗೆ ಸಾಗಿಸಿದ್ದಾಯಿತು, ಬೀನ್ಸ್ ಬಳ್ಳಿ ಒಣಗಿತು, ಅಳಿಲು ತನ್ನ ಚಳಿಗಾಲದ ದಾಸ್ತಾನನ್ನು ನನ್ನ ಹೂಕುಂಡಗಳಲ್ಲಿ ಹೂತಿಟ್ಟಿತು. ಇದಾವುದರ ಬಗ್ಗೆಯೂ ನನ್ನ ದೂರಿಲ್ಲ. ಕೋಸನ್ನಂತೂ ತಮಗೇ ಬಿಟ್ಟುಕೊಟ್ಟಿದ್ದೇನೆ. ನನ್ನ ಅಹವಾಲು ಅಣಬೆಯದು.

ಬೇಲಿಯ ಪಕ್ಕದ ಮರದಡಿ ಬೆಳ್ಳಗೆ, ಕಾಂಡಕ್ಕೊಂದು ಉಂಗುರ ತೊಟ್ಟು, ಬುಡದಲ್ಲೊಂದು ಚೀಲ ಇಟ್ಟುಕೊಂಡು ಎದ್ದ ಅಣಬೆಗಳ ಚಿತ್ರವನ್ನು ಸಸ್ಯಶಾಸ್ತ್ರ ಕಲಿಸುವ ಗೆಳತಿಗೆ ಕಳಿಸಿದಾಗ, “ಮುಟ್ಟಿದ್ರೆ ಕೈ ತೊಳ್ಕೋ, ತಿನ್ನೋದಾದ್ರೆ ಮೊದಲು ಉಯಿಲು ಬರಿ” ಎಂದಳು. ಅಷ್ಟರಲ್ಲಿ ತಾವು ಒಂದರ ಅಂಚನ್ನು ಮೆದ್ದಾಗಿತ್ತು. ಅದನ್ನು ಕಂಡ ನಮ್ಮ ಅತ್ತೆ, “ಹುಳು ತಿಂದು ಬದುಕಿದೆ ಅಂದ್ಮೇಲೆ ನಮಗೇನಾಗುತ್ತೆ? ಅದಕ್ಕಿರೋ ಬುದ್ಧಿ ನಿನ್ನ ಪುಸ್ತಕಕ್ಕಿಲ್ವಲ್ಲೇ” ಎಂದು ಬುಟ್ಟಿಗೆ ಅಣಬೆ ಕಿತ್ತು ತಂದರು. ತಮಗೆ ಅರಗುವ ವಿಷ ನಮಗೆ ಅರಗುವುದಿಲ್ಲವೆಂದು ನಾನು ಎಷ್ಟು ಬಡಿದುಕೊಂಡರೂ, ಎಂ.ಎ. ಓದಿದ ಸೊಸೆಯ ಮಾತಿಗಿಂತ ತಮ್ಮ ಮೌನಕ್ಕೇ ಈ ಮನೆಯಲ್ಲಿ ತೂಕ ಹೆಚ್ಚು. ನಮ್ಮ ಯಜಮಾನರು, “ನೀವಿಬ್ರೂ ತೀರ್ಮಾನ ಮಾಡಿ, ಊಟಕ್ಕೆ ಕರೀರಿ” ಎಂದು ಪತ್ರಿಕೆಯೊಳಗೆ ಹೊಕ್ಕರು.

ಬೇರೆ ದಾರಿ ಕಾಣದೆ ತಮ್ಮನ್ನು ಕೋಸಿನಿಂದ ಎತ್ತಿ ತಂದು ಆ ಬುಟ್ಟಿಯಲ್ಲಿ ಕೂರಿಸಿದೆ. ತಾವು ಗಾಬರಿಯಿಂದ ಚಿಪ್ಪಿನೊಳಗೆ ಸೇರಿಕೊಂಡದ್ದು ಪಳಗಿದ ನಟರೂ ನಾಚುವಂಥ ಅಭಿನಯ. “ಅಯ್ಯೋ, ಸತ್ತೇ ಹೋಯ್ತಲ್ಲೇ!” ಎಂದು ಅತ್ತೆಯೇ ಕೈಯಾರೆ ತಮ್ಮನ್ನು ಕಟ್ಟೆಯ ಮೇಲಿಟ್ಟು, ಅಣಬೆಗಳನ್ನು ಗೊಬ್ಬರದ ಗುಂಡಿಗೆ ಸುರಿದರು. ಇನ್ನು ಸ್ವಲ್ಪ ಹೊತ್ತು ತಾವು ಸತ್ತಿದ್ದರೆ ಸಾಕಿತ್ತು. ಅವರು ಕೈ ತೊಳೆದು ತಿರುಗುವಷ್ಟರಲ್ಲಿ ಕೊಂಬು ಚಾಚಿ ಹೊರಟೇಬಿಟ್ಟಿರಿ.

“ಸತ್ತಿದ್ದನ್ನ ಎಬ್ಬಿಸೋ ಅಣಬೆ ಕಣೇ ಇದು! ನನ್ನ ಮಂಡಿನೋವು ಯಾವ ಲೆಕ್ಕ?” ಎನ್ನುತ್ತಿರುವ ಅವರು, ಮರದಡಿ ಉಳಿದಿರುವುದನ್ನು ನಾಳೆ ಬೇಯಿಸುವವರಿದ್ದಾರೆ.

ಆದ್ದರಿಂದ ತಾವು ದಯಮಾಡಿ, ಬಂಧುಬಳಗ ಸಮೇತ, ಬೆಳಕು ಹರಿಯುವುದರೊಳಗೆ ಅಲ್ಲಿ ಒಂದು ಚೂರೂ ಉಳಿಯದಂತೆ ತಿಂದು ಮುಗಿಸಬೇಕೆಂದು ಕೋರುತ್ತೇನೆ. ನಾನು ಕಿತ್ತೆಸೆದರೆ ಅದು ಸೊಸೆಯ ಕೊಬ್ಬು. ತಾವು ತಿಂದರೆ ಪ್ರಕೃತಿಯ ನಿಯಮ. ಅದಾಗದಿದ್ದರೆ, ತಮ್ಮ ಹೊಟ್ಟೆಯೇ ಬೇರೆ, ಅತ್ತೆಯವರ ಹೊಟ್ಟೆಯೇ ಬೇರೆ ಎಂದು ತಮ್ಮ ಲೋಳೆಯಲ್ಲೇ ಹೊಸ್ತಿಲ ಮೇಲೆ ಬರೆದುಕೊಟ್ಟರೂ ಆದೀತು. ಇಷ್ಟು ವರ್ಷ ಜಗಳವಾಡಿದ ಮೇಲೆ, ಅವರಿಲ್ಲದ ಅಡುಗೆಮನೆಯಲ್ಲಿ ಯಾರ ಮೇಲೆ ರೇಗಬೇಕೆಂದು ನನಗೆ ತಿಳಿಯದು.

ತಮ್ಮ ವಿಶ್ವಾಸಿ,
ಈ ಮನೆಯ ಸೊಸೆ

ವಿ.ಸೂ.: ತಮ್ಮ ನಡಿಗೆಯ ಮೇಲೆ ಭರವಸೆ ಸಾಲದೆ, ಎಲ್ಲವನ್ನೂ ರಾತ್ರಿ ನಾನೇ ಕಿತ್ತು ಆಳವಾಗಿ ಹೂತು, ಬೆಳಿಗ್ಗೆ ತಮ್ಮ ಹೆಸರು ಹೇಳಿದ್ದೇನೆ. “ಒಂದನ್ನೂ ಬಿಡಲಿಲ್ವಾ, ಹೊಟ್ಟೆಬಾಕ!” ಎಂದು ಅತ್ತೆ ಉಪ್ಪಿನ ಡಬ್ಬಿ ಹಿಡಿದು ಹಿತ್ತಲಿಗೆ ಇಳಿದಿದ್ದಾರೆ. ಇವತ್ತೊಂದು ದಿನ ಕೊಂಚ ಬೇಗ ನಡೆಯಲು ಪ್ರಯತ್ನಿಸಬೇಕಾಗಿ ವಿನಂತಿ.