ಮೊದಲನೇ ನಂಬರ್ ಚಾಮರಾಜನಗರ

"ವಾಣಿ ಸೀಟಿನ ಚಿಂತಿ ಯಾರೂ ಮಾಡಬ್ಯಾಡ್ರಿ. ಮೂವತ್ತು ವರ್ಷ ಎಪಿಎಂಸಿಯೊಳಗ ವ್ಯಾಪಾರ ಮಾಡೇನಿ. ಒಂದು ಕಾಲೇಜಿನ ಸೀಟು ತರೂದು ನನಗೇನ ದೊಡ್ಡ ಮಾತಲ್ಲ!"

ಕೇಶ್ವಾಪುರದ ಮನೆಯ ಪಡಸಾಲೆಯಲ್ಲಿ ನಿಂತು ಬಸಣ್ಣ ಹೀಗೆ ಘೋಷಿಸಿದಾಗ, ಹೆಂಡತಿ ದಾನವ್ವ ರೊಟ್ಟಿ ಬಡಿಯುವುದನ್ನು ಒಂದು ಗಳಿಗೆ ನಿಲ್ಲಿಸಿದಳು. ಗಂಡ ಎದೆ ಉಬ್ಬಿಸಿದಾಗಲೆಲ್ಲ ಮನೆಗೊಂದು ಗಂಡಾಂತರ ಕಾದಿರುತ್ತದೆಂಬುದು ಆಕೆಯ ಅನುಭವ. ಹೋದ ಸಲ ಹೀಗೆಯೇ ಉಬ್ಬಿಸಿ ನೀರಿನ ಮೋಟರು ರಿಪೇರಿಗೆ ಕೂತಿದ್ದ. ಆಮೇಲೆ ಇಡೀ ಓಣಿ ಎರಡು ದಿನ ಕತ್ತಲಲ್ಲಿ ಕೂತಿತ್ತು.

ಮಗಳು ವಾಣಿಶ್ರೀ ಪಿಯುಸಿ ಮುಗಿಸಿದ್ದಳು. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದಿತ್ತು. ಅವಳಿಗೆ ಬೇಕಾದದ್ದು ಕೃಷಿ ಪದವಿ, ಅದೂ ಧಾರವಾಡದಲ್ಲಿ. ಮುಂಜಾನೆ ಹೋಗಿ ಸಂಜೆಗೆ ಅವ್ವನ ರೊಟ್ಟಿಗೆ ಮರಳಬಹುದು. ಬಸಣ್ಣನಿಗೆ ಬೇಕಾದದ್ದೂ ಅದೇ. ಮಗಳು ನಾಲ್ಕು ದಿನ ಅಜ್ಜಿಯ ಮನೆಗೆ ಹೋದರೆ ಅವನಿಗೆ ಊಟ ಸೇರುವುದಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಕಾಳಿನ ವ್ಯಾಪಾರಿಯ ಧರ್ಮಕ್ಕೆ ವಿರುದ್ಧ.

ಆ ಧರ್ಮಕ್ಕಿರುವುದು ಒಂದೇ ಸೂತ್ರ: ಬೇಕಾದ ಮಾಲಿನ ಕಡೆ ಕಣ್ಣೆತ್ತಿಯೂ ನೋಡಬಾರದು. ಕಡಲೆ ಬೇಕಿದ್ದರೆ ಮೊದಲು ಜೋಳದ ರಾಶಿಯ ಮುಂದೆ ಕೂತು ಗಂಟೆಗಟ್ಟಲೆ ಚೌಕಾಶಿ ಮಾಡಬೇಕು. ಕೊನೆಗೆ ಧೋತರ ಝಾಡಿಸಿಕೊಂಡು ಏಳುವಾಗ, ಈಗಷ್ಟೇ ಕಣ್ಣಿಗೆ ಬಿದ್ದಂತೆ ಕಡಲೆಯ ಕಡೆ ಬೆರಳು ಮಾಡಿ, "ಇದು ಹೆಂಗಪಾ?" ಎನ್ನಬೇಕು. ಆಸೆ ತೋರಿಸಿದೆಯೋ, ಧಾರಣೆ ಏರಿತು!

ಹೀಗಾಗಿ ಕಾಲೇಜುಗಳ ಆಯ್ಕೆ ತುಂಬುವ ದಿನ, ಧಾರವಾಡವನ್ನೇ ಮೊದಲು ಬರೆದು ಮಗಳು ಕೊಟ್ಟ ಪಟ್ಟಿಯನ್ನು ಜೇಬಿಗಿಳಿಸಿ, ಬಸಣ್ಣ ಒಬ್ಬನೇ ಇಕ್ಬಾಲನ ಕಂಪ್ಯೂಟರ್ ಸೆಂಟರಿಗೆ ಹೊರಟ. "ನೀ ಬರೂದ ಬ್ಯಾಡವ್ವಾ, ನಿನ್ನ ಮುಖದಾಗ ಎಲ್ಲಾ ಕಾಣತೈತಿ" ಎಂದು ಮಗಳನ್ನು ಮನೆಯಲ್ಲೇ ಬಿಟ್ಟ. ಕಂಪ್ಯೂಟರು ಮುಖ ನೋಡಿ ಸೀಟು ಕೊಡುತ್ತದೆಂದು ತಿಳಿದಿದ್ದನೋ ಏನೋ!

"ಮೊದಲನೇದು ಯಾವ್ದು ಹಾಕ್ಲಿರಿ, ಸಾವ್ಕಾರ್ರ?" ಇಕ್ಬಾಲ ಕೇಳಿದ.

"ಚಾಮರಾಜನಗರ."

ಇಕ್ಬಾಲ ಕುರ್ಚಿಯನ್ನೇ ತಿರುಗಿಸಿದ. "ಅದು ರಾಜ್ಯದ ಆ ತುದಿರಿ. ಬೇಕಾದ್ದನ್ನ ಮೊದಲ ಹಾಕಬೇಕ್ರಿ. ಮ್ಯಾಲಿಂದ ನೋಡ್ಕೋತ ಬಂದು ಯಾವ್ದು ಮೊದಲ ಸಿಗತೈತೋ ಅದನ್ನ ಕೊಟ್ಟುಬಿಡತಾರ."

"ಇಕ್ಬಾಲ, ನಿನಗ ಕಂಪ್ಯೂಟರ್ ಗೊತ್ತೈತಿ, ವ್ಯಾಪಾರ ಗೊತ್ತಿಲ್ಲ. ನಾವು ಚಾಮರಾಜನಗರ ಕೇಳೂದು. ಸರಕಾರ ಇಲ್ಲ ಅಂತೈತಿ. ನಾವು ಮುಖ ಸಣ್ಣದ ಮಾಡ್ಕೊಳ್ಳೂದು. ಕಡೀಕ 'ಹೋಗ್ಲಿ, ಧಾರವಾಡನಾದ್ರೂ ತಗೋರಿ' ಅಂತ ಅವರಾಗೇ ಕರದು ಕೊಡತಾರ."

ಧಾರವಾಡ ಒಂಬತ್ತನೆಯ ಸಾಲಿಗೆ ಹೋಗಿ ಕುಳಿತಿತು. ಬಸಣ್ಣ ಗೆದ್ದ ಸಂತೋಷಕ್ಕೆ ದಾರಿಯಲ್ಲಿ ಎರಡು ಪ್ಲೇಟು ಗಿರಮಿಟ್ ತಿಂದು ಮನೆಗೆ ಬಂದ.

ನಿಜವಾದ ಸೀಟು ಹಂಚುವ ಮೊದಲು, 'ಹೀಗೆ ಬಂದೀತು, ನೋಡಿಕೊಳ್ಳಿ' ಎಂದು ಒಂದು ಅಣಕು ಪಟ್ಟಿ ಬಿಡುತ್ತಾರೆ. ಅದು ಬಂದ ಮಧ್ಯಾಹ್ನ ವಾಣಿ ಮೊಬೈಲು ನೋಡಿದವಳು ನೋಡುತ್ತಲೇ ಕುಳಿತಳು. ಸರಕಾರ ಚೌಕಾಶಿಯನ್ನೇ ಮಾಡಿರಲಿಲ್ಲ. ಕೇಳಿದ ಕೂಡಲೇ ಚಾಮರಾಜನಗರ ಕೊಟ್ಟುಬಿಟ್ಟಿತ್ತು!

ಆಯ್ಕೆಗಳ ಪಟ್ಟಿಯನ್ನೂ ನೋಡಿದಳು. ಮೇಲೆ ಚಾಮರಾಜನಗರ, ಕೆಳಗೆಲ್ಲೋ ಧಾರವಾಡ.

"ಅಪ್ಪಾ, ನಾ ನಿಮಗ ಅಷ್ಟು ಬ್ಯಾಡಾದೆನೇನ್ರಿ?" ಎಂದಳು. ಕಣ್ಣು ತುಂಬಿ ಬಂದಿದ್ದವು.

ಬಸಣ್ಣ ಮಗಳ ಕಡೆ ನೋಡದೆ ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವತೊಡಗಿದ. ಕೊನೆಗೆ ದಾನವ್ವನೇ ನಡುವೆ ಬಂದಳು.

"ಅಳಬ್ಯಾಡವ್ವಾ, ಇದು ನಿಮ್ಮಪ್ಪನ ಹಳೇ ಚಾಳಿ. ನನ್ನ ನೋಡಾಕ ಬಂದಾಗ ನನ್ನ ಕಡೆ ಒಮ್ಮೆನೂ ನೋಡಲಿಲ್ಲ. ನಮ್ಮ ಎಮ್ಮಿ ಎಷ್ಟು ಹಾಲು ಕೊಡತೈತಿ, ಎಷ್ಟನೇ ಸೂಲು, ಬರೇ ಅದನ್ನ ಕೇಳಿದ್ರು. ಎಮ್ಮಿ ಕೊಳ್ಳಾಕ ಬಂದಾರಂತ ತಿಳದು ನಮ್ಮಪ್ಪ ಹಗ್ಗ ಬಿಚ್ಚಾಕ ಹೋಗಿದ್ದ."

"ಆ ಮಾತು ಈಗ್ಯಾಕ?"

"ಈಗಲ್ಲದ ಮತ್ಯಾವಾಗ? ಸರಕಾರ ಹಗ್ಗ ಬಿಚ್ಚಿ ಕೈಯಾಗ ಕೊಟ್ಟೈತಿ. ಏಳ್ರಿ ಲಗೂನ."

ಆಯ್ಕೆ ಬದಲಿಸಲು ಅಂದೇ ಸಂಜೆ ಆರರ ತನಕ ಅವಕಾಶವಿತ್ತು. ಬದಲಿಸುವ ಪುಟ ಮೊಬೈಲಿನಲ್ಲಿ ತೆರೆಯಲೊಲ್ಲದೆ, ಹೆಣಗುವುದರಲ್ಲೇ ಐದು ದಾಟಿತು. ಮೂವರೂ ಆಟೋ ಹತ್ತಿದರು. ಆಟೋದವನು ಹೇಳಿದ ಬಾಡಿಗೆಗೆ ಬಸಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಗಂಡನ ಜೀವ ಎಷ್ಟು ಬಾಯಿಗೆ ಬಂದಿದೆಯೆಂದು ದಾನವ್ವನಿಗೆ ತಿಳಿದದ್ದೇ ಆಗ.

ಇಕ್ಬಾಲನ ಸೆಂಟರು ಗಿಜಿಗುಡುತ್ತಿತ್ತು. ಇವರ ಮುಖ ನೋಡಿದವನೇ ಅವನು ಏನೂ ಕೇಳದೆ ಎದ್ದು ತನ್ನ ಕುರ್ಚಿಯನ್ನು ವಾಣಿಗೆ ಬಿಟ್ಟುಕೊಟ್ಟ. ವಾಣಿ ಪುಟ ತೆರೆದಳು. ಇನ್ನು ಹದಿನಾಲ್ಕು ನಿಮಿಷ.

"ಮೊದಲನೇದು ಯಾವ್ದು ಹಾಕ್ಲಿ ಅಪ್ಪಾ?"

"ಧಾರವಾಡ."

ವಾಣಿ ಕೀಲಿಮಣೆಯಿಂದ ಕೈ ಎತ್ತಿಬಿಟ್ಟಳು. "ಅವ್ವಾ, ಅಪ್ಪಗ ಖರೇನ ಧಾರವಾಡ ಬೇಕಾಗೇತೋ, ಮನಸ್ಸಿನ್ಯಾಗ ಬ್ಯಾರೆ ಇಟ್ಕೊಂಡು ಇದನ್ನ ಕೇಳಾಕತ್ತಾರೋ?"

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರಲ್ಲಿ ಇಬ್ಬರು ಎಪಿಎಂಸಿಯ ವ್ಯಾಪಾರಿಗಳೂ ಇದ್ದರು. ಬಸಣ್ಣ ಬೆವತುಹೋದ.

"ಖರೇನ ಬೇಕವ್ವಾ. ದಿನಾ ಸಂಜಿಕ ನೀ ಮನಿಗೆ ಬರಬೇಕು. ನೀ ಇಲ್ಲಂದ್ರ ನನಗ ಊಟ ಸೇರೂದಿಲ್ಲ."

ದಾನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ವಾಣಿ ಮೂಗು ಒರೆಸಿಕೊಂಡು ಧಾರವಾಡವನ್ನು ಒಂಬತ್ತರಿಂದ ಒಂದಕ್ಕೆ ತಂದಳು, ಚಾಮರಾಜನಗರವನ್ನು ಕಟ್ಟಕಡೆಗೆ ತಳ್ಳಿದಳು. ಇನ್ನು 'ಸೇವ್' ಒತ್ತುವುದಷ್ಟೇ ಬಾಕಿ. ಆದರೆ ಬೆರಳು ಒತ್ತಲಿಲ್ಲ.

"ಅಪ್ಪಾ, ದಿನಾ ಬಸ್ಸಿನ್ಯಾಗ ನಿಂತು ಹೋಗಿಬರೂದು ನನ್ನ ಕೈಲೆ ಆಗೂದಿಲ್ರಿ. ಒಂದು ಸ್ಕೂಟಿ ಬೇಕಾಗತೈತಿ."

ಬಸಣ್ಣ ಚೌಕಾಶಿಗೆ ಬಾಯಿ ತೆರೆದ. ಗೋಡೆಯ ಗಡಿಯಾರ ನೋಡಿದ. ಮಗಳ ಬೆರಳು ನೋಡಿದ.

"ಯಾವ ಬಣ್ಣದ್ದವ್ವಾ?" ಎಂದ.